ಶಸ್ತ್ರವನ್ನಿಳಿಸಿದ ಯೋಧ: ಮಹರ್ಷಿ ಟಾಲ್‌ಸ್ಟಾಯ್

ಶಿಥಿಲವಾದ ದೇಗುಲವನ್ನು ಜೀರ್ಣೋದ್ಧಾರಗೊಳಿಸುವಾಗ ಬಿರುಕುಬಿಟ್ಟ ಕಲ್ಲುಗಳನ್ನು ಕಳಚಿ, ತಳಪಾಯವನ್ನು ಪರೀಕ್ಷಿಸಿ, ಬಳಿಕವೇ ಹೊಸ ಕಲ್ಲನ್ನು ಕೂಡಿಸುವುದು ಪದ್ಧತಿ. ಮನುಷ್ಯನ ಅಂತರಂಗದ ಜೀರ್ಣೋದ್ಧಾರವೂ ಅಂತಹುದೇ. ಬೇಡನೊಬ್ಬನು ವಾಲ್ಮೀಕಿ ಮಹರ್ಷಿಯಾದ ಕಥೆಯನ್ನು ಕೇಳಿ ಬೆಳೆದ ನಮಗೆ, ಫಿರಂಗಿಯನ್ನು ಹಾರಿಸಿದ ಕೈಯಿಂದಲೇ ಯುದ್ಧವನ್ನು ಖಂಡಿಸಿ ಬರೆದ ರಷ್ಯಾ ದೇಶದ ಲಿಯೋ ಟಾಲ್‌ಸ್ಟಾಯ್ ಅವರ ಚರಿತ್ರೆ ಪರಕೀಯವೆನಿಸಲಾರದು.

ಮಾಸ್ಕೋ ನಗರದ ದಕ್ಷಿಣಕ್ಕಿರುವ ಯಾಸ್ನಾಯಾ ಪೋಲ್ಯಾನಾ ಎಂಬಲ್ಲಿ, ಶ್ರೀಮಂತ ಜಮೀನುದಾರರ ಮನೆತನದಲ್ಲಿ, ಅವರು ೧೮೨೮ರಲ್ಲಿ ಜನಿಸಿದರು. ಎಳವೆಯಲ್ಲಿ ತಾಯಿಯನ್ನೂ, ಬಾಲ್ಯ ಮುಗಿಯುವ ಮುನ್ನವೇ ತಂದೆಯನ್ನೂ ಕಳೆದುಕೊಂಡರು. ವಿಶ್ವವಿದ್ಯಾಲಯದ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟರು. ಜೂಜಿನಲ್ಲಿ ಸೋತು ಸಾಲಗಾರರಾದರು. ೧೮೫೧ರಲ್ಲಿ, ಸೈನ್ಯದಲ್ಲಿದ್ದ ಹಿರಿಯಣ್ಣ ನಿಕೊಲಾಯ್ ಅವರೊಡನೆ ಕಾಕಸಸ್ ಪರ್ವತಪ್ರಾಂತಕ್ಕೆ ತೆರಳಿ, ಮರುವರ್ಷ ಫಿರಂಗಿದಳವನ್ನು ಸೇರಿದರು. ಅಲ್ಲಿಯ ಗುಡ್ಡಗಾಡಿನ ಜನರ ಮೇಲೆ ರಷ್ಯಾದ ಸೇನೆ ನಡೆಸುತ್ತಿದ್ದ ದಾಳಿಗಳಲ್ಲಿ ಅವರೂ ಪಾಲ್ಗೊಂಡರು.

ಆ ಬಳಿಕ ಕ್ರಿಮಿಯಾ ಯುದ್ಧ ಒದಗಿತು. ಆಂಗ್ಲ, ಫ್ರೆಂಚ್ ಮತ್ತು ತುರ್ಕಿ ಸೇನೆಗಳು ಸೆವಸ್ತೊಪೋಲ್ ಬಂದರನ್ನು ೧೮೫೪ರಿಂದ ಹನ್ನೊಂದು ತಿಂಗಳಿಗೂ ಮಿಕ್ಕಿ ಮುತ್ತಿದವು. ಕೋಟೆಯಲ್ಲಿ ಅತಿ ಅಪಾಯದ ಸ್ಥಳವಾಗಿದ್ದ ನಾಲ್ಕನೆಯ ಕೊತ್ತಳದಲ್ಲಿ ಟಾಲ್‌ಸ್ಟಾಯ್ ಫಿರಂಗಿಗಳ ಅಧಿಕಾರಿಯಾಗಿ ನಿಂತರು. ಶೌರ್ಯಕ್ಕಾಗಿ ಪದಕವೂ ದೊರೆಯಿತು. ಆದರೆ ಅವರು ಅಲ್ಲಿಂದ ಬರೆದ ಕಥನಗಳಲ್ಲಿ ಜಯಘೋಷಕ್ಕಿಂತ ಗಾಯಾಳುಗಳ ಕೊಠಡಿಯೇ ಎದ್ದು ಕಾಣುತ್ತದೆ. ಶವಗಳನ್ನು ಎತ್ತಲೆಂದು ಕೆಲವು ಗಂಟೆಗಳ ಕಾಲ ಕದನ ನಿಂತಾಗ ಎರಡು ಪಕ್ಷದ ಸಿಪಾಯಿಗಳೂ ನಗುತ್ತ ಮಾತನಾಡುವುದನ್ನೂ, ಹೆಣಗಳ ನಡುವೆ ಹೂ ಕೊಯ್ಯುವ ಬಾಲಕನೊಬ್ಬನು ಸತ್ತವನ ತೋಳನ್ನು ಮುಟ್ಟಿ ಬೆದರಿ ಓಡುವುದನ್ನೂ ಅವರು ಚಿತ್ರಿಸಿದ್ದಾರೆ. ೧೮೫೬ರಲ್ಲಿ ಅವರು ಸೈನ್ಯವನ್ನು ತೊರೆದರು.

ಊರಿಗೆ ಮರಳಿ ರೈತರ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮುಂದೆ ಬರೆದ ಯುದ್ಧ ಮತ್ತು ಶಾಂತಿ ಎಂಬ ಮಹಾಕಾದಂಬರಿಯು ಜಗತ್ತಿನಲ್ಲೆಲ್ಲ ಕೀರ್ತಿಯನ್ನು ತಂದಿತು. ಆದರೆ ಐವತ್ತರ ವಯಸ್ಸು ಸಮೀಪಿಸುತ್ತಿದ್ದಂತೆ ಸಂಪತ್ತೂ ಕೀರ್ತಿಯೂ ಅವರಿಗೆ ನಿಸ್ಸಾರವೆನಿಸಿದವು. ಯುದ್ಧದಲ್ಲಿ ತಾವು ಮನುಷ್ಯರನ್ನು ಕೊಂದುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದು ಪಶ್ಚಾತ್ತಾಪಪಟ್ಟರು. ಕೇಡಿಗೆ ಕೇಡು ಮಾಡಬಾರದೆಂಬ ಯೇಸುವಿನ ಬೋಧೆಯೇ ಅವರಿಗೆ ತಳಪಾಯವಾಯಿತು. ದೊರೆಗಳ ಆಜ್ಞೆಯೊಂದರಿಂದಲೇ ಯುದ್ಧವಾಗದು, ಸಾಮಾನ್ಯ ರೈತನು ಆ ಆಜ್ಞೆಗೆ ತಲೆಬಾಗಿ ಬಂದೂಕನ್ನು ಹಿಡಿಯುವುದರಿಂದ ಆಗುತ್ತದೆ ಎಂಬುದು ಅವರ ನಿಶ್ಚಯ. ಇದನ್ನು ಪ್ರತಿಪಾದಿಸಿ ಬರೆದ ಗ್ರಂಥವನ್ನು ರಷ್ಯಾದಲ್ಲಿ ನಿಷೇಧಿಸಲಾಯಿತು. ೧೮೯೪ರಲ್ಲಿ ಅದು ಹೊರದೇಶದಲ್ಲಿ ಪ್ರಕಟವಾಯಿತು.

ಈ ಮಾರ್ಗದ ಬೆಲೆ ಅಲ್ಪವಾಗಿರಲಿಲ್ಲ. ೧೮೯೫ರಲ್ಲಿ ಕಾಕಸಸ್ ಪ್ರಾಂತದ ದುಖೊಬೋರ್ ಪಂಥದ ರೈತರು ತಮ್ಮ ಆಯುಧಗಳನ್ನು ರಾಶಿಹಾಕಿ ಸುಟ್ಟು, ಛಡಿಯೇಟಿಗೂ ಗಡೀಪಾರಿಗೂ ಗುರಿಯಾದರು. ಟಾಲ್‌ಸ್ಟಾಯ್ ತಮ್ಮ ಪುನರುತ್ಥಾನ ಎಂಬ ಕಾದಂಬರಿಯ ಆದಾಯವನ್ನು ಕೊಟ್ಟು, ೧೮೯೯ರಲ್ಲಿ ಅವರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೆನಡಾ ದೇಶಕ್ಕೆ ತೆರಳಲು ನೆರವಾದರು. ತಮ್ಮ ಮಾತನ್ನು ನಂಬಿದವರು ಸೆರೆಮನೆ ಸೇರುತ್ತಿರಲು, ಸರ್ಕಾರವು ತಮ್ಮನ್ನು ಮಾತ್ರ ಮುಟ್ಟದಿರುವುದು ಅವರಿಗೆ ತೀರದ ವ್ಯಥೆಯಾಗಿತ್ತು.

೧೯೦೪ರಲ್ಲಿ ರಷ್ಯಾ ಜಪಾನುಗಳ ನಡುವೆ ಯುದ್ಧ ಹುಟ್ಟಿದಾಗ, ಎಪ್ಪತ್ತೈದು ದಾಟಿದ್ದ ಅವರು ಎರಡು ದೇಶಗಳನ್ನೂ ಖಂಡಿಸಿದರು. ಆದರೆ ಅವರ ಮಗನೊಬ್ಬನೇ ಆ ಯುದ್ಧಕ್ಕೆ ಹೊರಟನು. ಪೋರ್ಟ್ ಆರ್ಥರ್ ಕೋಟೆ ಶತ್ರುವಿನ ವಶವಾಯಿತೆಂಬ ವಾರ್ತೆ ಬಂದಾಗ ತಮ್ಮ ಮನಸ್ಸು ನೊಂದಿತೆಂದೂ, ಬಾಲ್ಯದಿಂದ ಬೆಳೆದುಬಂದ ಆ ಅಭಿಮಾನದಿಂದ ತಾವಿನ್ನೂ ಬಿಡುಗಡೆ ಹೊಂದಿಲ್ಲವೆಂದೂ ಅವರು ದಿನಚರಿಯಲ್ಲಿ ಬರೆದುಕೊಂಡರು. ಸೈನ್ಯವನ್ನು ತೊರೆದು ಅರ್ಧಶತಮಾನವೇ ಕಳೆಯುತ್ತ ಬಂದಿದ್ದರೂ ಒಳಗಿನ ಸೈನಿಕನು ಪೂರ್ಣವಾಗಿ ಅಡಗಿರಲಿಲ್ಲ. ಅದನ್ನು ಮರೆಮಾಚದ ಪ್ರಾಮಾಣಿಕತೆಯೇ ಅವರ ತಪಸ್ಸು.

ನಮ್ಮ ದೇಶದೊಡನೆಯೂ ಅವರಿಗೆ ನಂಟುಂಟು. ೧೯೦೮ರಲ್ಲಿ ತಾರಕನಾಥ ದಾಸ್ ಎಂಬ ಭಾರತೀಯ ಕ್ರಾಂತಿಕಾರರಿಗೆ ಬರೆದ ದೀರ್ಘ ಪತ್ರದಲ್ಲಿ, ಭಾರತೀಯರು ಹಿಂಸೆಯಲ್ಲಿ ಪಾಲುಗೊಳ್ಳದಿದ್ದರೆ ಅವರನ್ನು ಯಾರೂ ದಾಸರನ್ನಾಗಿಸಲಾರರೆಂದು ವಾದಿಸಿದರು. ಗಡಿನಾಡಿನ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ತಮಿಳಿನಲ್ಲಿ ಕಲಿಯುವ ತಿರುಕ್ಕುರಳಿನ ಅಹಿಂಸಾವಚನಗಳನ್ನು ಆ ಪತ್ರದಲ್ಲಿ ಉದಾಹರಿಸಿದ್ದಾರೆ. ಮಹಾತ್ಮಾ ಗಾಂಧಿಯವರು ೧೯೦೯ರಲ್ಲಿ ಅದನ್ನು ಗುಜರಾತಿಗೆ ಅನುವಾದಿಸಿದರು. ೧೯೧೦ರಲ್ಲಿ ದಕ್ಷಿಣ ಆಫ್ರಿಕದ ಸತ್ಯಾಗ್ರಹಿಗಳ ವಸತಿಗೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಿಡಲಾಯಿತು.

ಅದೇ ೧೯೧೦ರ ನವೆಂಬರಿನಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಅವರು ರಾತ್ರಿಯ ವೇಳೆ ಮನೆಯನ್ನು ತೊರೆದು ಹೊರಟರು. ದಾರಿಯಲ್ಲಿ ಜ್ವರ ಬಂದು, ಅಸ್ತಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ದೇಹವಿಟ್ಟರು. ಮನುಷ್ಯರೆಲ್ಲರೂ ಕಲಹವಿಲ್ಲದೆ ಸುಖವಾಗಿ ಬಾಳುವ ರಹಸ್ಯವನ್ನು ಕೆತ್ತಿದ ಹಸಿರು ಕೋಲೊಂದು ತಮ್ಮ ಊರಿನ ಕಾಡಿನಲ್ಲಿ ಹೂತಿದೆಯೆಂದು ಬಾಲ್ಯದಲ್ಲಿ ಅಣ್ಣ ನಿಕೊಲಾಯ್ ಕಥೆ ಹೇಳುತ್ತಿದ್ದರು. ಟಾಲ್‌ಸ್ಟಾಯ್ ಅವರ ಇಚ್ಛೆಯಂತೆ ಅದೇ ಸ್ಥಳದಲ್ಲಿ ಅವರಿಗೆ ಸಮಾಧಿಯಾಯಿತು. ಶಿಲುಬೆಯಿಲ್ಲ, ಹೆಸರಿಲ್ಲ, ಹುಲ್ಲು ಮುಚ್ಚಿದ ಮಣ್ಣಿನ ದಿಬ್ಬವಷ್ಟೇ.

ನವೀಕೃತವಾದ ಈ ಸನ್ನಿಧಿಯಲ್ಲಿ ನಿತ್ಯವೂ ಶಾಂತಿಮಂತ್ರವು ಮೊಳಗಲಿದೆ. ಅದನ್ನು ಆಲಿಸುವ ನಮ್ಮ ಮನಸ್ಸಿನಲ್ಲಿಯೂ ದ್ವೇಷದ ಕಲ್ಲುಗಳು ಒಂದೊಂದಾಗಿ ಕಳಚಿ ಬೀಳುವಂತೆ ಭಗವಂತನು ಅನುಗ್ರಹಿಸಲಿ.