ಓಟ್ಟೊ ಕೋನಿಗ್ಸ್‌ಬರ್ಗರ್ ಮತ್ತು ನಮ್ಮ ಲೈನು ಮನೆಗಳು

ಕೊಡಗಿನವರಿಗೆ ‘ಲೈನು’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಹೊರ ಜಿಲ್ಲೆಗಳಿಂದ ಬಂದು ನಮ್ಮ ಕಾಲೇಜನ್ನು ಸೇರಿರುವ ಮಿತ್ರರಿಗಾಗಿ ಹೇಳುತ್ತೇನೆ: ಕಾಫಿ ತೋಟದ ಅಂಚಿನಲ್ಲಿ, ಉದ್ದನೆಯ ಒಂದೇ ಮಾಡಿನ ಕೆಳಗೆ, ಗೋಡೆಗೆ ಗೋಡೆ ತಾಗಿಕೊಂಡು ಎಂಟೋ ಹತ್ತೋ ಕೂಲಿ ಸಂಸಾರಗಳು ವಾಸಮಾಡುವ ಸಾಲುಮನೆಯೇ ಲೈನು. ಮುಂದುಗಡೆ ಒಂದು ಬಾಗಿಲು, ಅದರ ಪಕ್ಕಕ್ಕೆ ಒಂದು ಕಿಟಕಿ. ಹಿಂಬದಿಯದು ಕುರುಡು ಗೋಡೆ. ನಾನು ಹುಟ್ಟಿ ಬೆಳೆದದ್ದು ಅಂತಹ ಒಂದು ಲೈನಿನಲ್ಲಿ. ಹೋದ ವರ್ಷದ ಚರ್ಚಾಕೂಟದಲ್ಲಿ, ಹಳೆಯ ಲೈನುಗಳನ್ನೆಲ್ಲ ನೆಲಸಮ ಮಾಡಿ ತಾರಸಿಯ ಮನೆಗಳನ್ನು ಕಟ್ಟಬೇಕೆಂದು ನಾನು ಬಹಳ ಆವೇಶದಿಂದ ವಾದಿಸಿದೆ, ಬಹುಮಾನವೂ ಬಂದಿತು. ಮನೆಗೆ ಹೋಗಿ ತಾಯಿಯವರಿಗೆ ಇದನ್ನು ಹೇಳಿದೆ. ಕೆಡವಿದ ದಿನದಿಂದ ಕಟ್ಟಿ ಮುಗಿಯುವತನಕ, ಮಳೆಗಾಲದಲ್ಲಿ, ತಾವೆಲ್ಲ ಎಲ್ಲಿರತಕ್ಕದ್ದು ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ನನಗೆ ದೊರೆತ ಹೆಸರು ಓಟ್ಟೊ ಕೋನಿಗ್ಸ್‌ಬರ್ಗರ್. ಈ ಮಹನೀಯರ ಜೀವನವನ್ನು ನಾನು ತಿಳಿದಷ್ಟು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕೋನಿಗ್ಸ್‌ಬರ್ಗರರು ೧೯೦೮ರಲ್ಲಿ ಬರ್ಲಿನ್ ನಗರದಲ್ಲಿ ಜನಿಸಿದರು. ತಂದೆಯೂ ವಾಸ್ತುಶಿಲ್ಪಿಗಳೇ. ತಾಯಿಯ ಕಡೆಯಿಂದ ಅವರು ಪ್ರಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೆ ಸೋದರಳಿಯ. ಹಾನ್ಸ್ ಪೋಲ್ಜಿಗ್ ಎಂಬ ಹೆಸರಾಂತ ಗುರುವಿನ ಬಳಿ ಕಲಿತು, ೧೯೩೩ರಲ್ಲಿ ಷಿಂಕೆಲ್ ಪಾರಿತೋಷಕವನ್ನು ಪಡೆದರು. ಅದೇ ವರ್ಷ ಹಿಟ್ಲರನು ಅಧಿಕಾರಕ್ಕೆ ಬಂದನು. ಯಹೂದಿ ವಂಶದಲ್ಲಿ ಹುಟ್ಟಿದ್ದರಿಂದ ಅವರ ಸರಕಾರಿ ಕೆಲಸ ಹೋಯಿತು. ಇಪ್ಪತ್ತೈದು ವರ್ಷದ ತರುಣನೊಬ್ಬ ಒಂದು ಕೈಯಲ್ಲಿ ಪಾರಿತೋಷಕವನ್ನೂ ಇನ್ನೊಂದು ಕೈಯಲ್ಲಿ ವಜಾಪತ್ರವನ್ನೂ ಹಿಡಿದು ನಿಂತುದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅವರು ಈಜಿಪ್ಟಿಗೆ ಹೋದರು. ಕೈರೋದಲ್ಲಿ ಲುಡ್ವಿಗ್ ಬೊರ್ಚಾರ್ಟ್ ಅವರ ಸಂಸ್ಥೆಯಲ್ಲಿ ಪುರಾತನ ಕಟ್ಟಡಗಳ ಅಧ್ಯಯನಕ್ಕೆ ತೊಡಗಿದರು. ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯ ಪ್ರಾಚೀನ ಈಜಿಪ್ಟಿನ ಬಾಗಿಲಿನ ರಚನೆ! ಅರಮನೆಯಲ್ಲ, ಪಿರಮಿಡ್ಡಲ್ಲ, ಬಾಗಿಲು. ಒಂದೇ ಬಾಗಿಲಿನ ಮನೆಯಲ್ಲಿ ಬೆಳೆದ ನನಗೆ ಈ ಸಂಗತಿಯೇ ಮೊದಲು ಹಿಡಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಇಷ್ಟರೊಳಗೆ ಮ್ಯಾಕ್ಸ್ ಬಾರ್ನರು ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ೧೯೩೫-೩೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಕೆಲವು ತಿಂಗಳು ಇದ್ದು ಹೋಗಿದ್ದರು. ಈ ನಂಟು ಸೋದರಳಿಯನಿಗೆ ನೆರವಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ೧೯೩೯ರಲ್ಲಿ, ಕೋನಿಗ್ಸ್‌ಬರ್ಗರರು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಗಳಾಗಿ ನೇಮಕಗೊಂಡರು. ದಿವಾನರಿಗೆ ಗುಮ್ಮಟ, ಕಮಾನುಗಳ ಅಂದದಲ್ಲಿ ಪ್ರೀತಿ. ಹೊಸಬರಿಗೆ ನೆರಳು, ಗಾಳಿಗಳ ಲೆಕ್ಕದಲ್ಲಿ ಪ್ರೀತಿ. ಇಬ್ಬರ ಅಭಿರುಚಿಯೂ ಯಾವಾಗಲೂ ಹೊಂದುತ್ತಿರಲಿಲ್ಲ. ಆದರೂ ಒಂಬತ್ತು ವರ್ಷ ಅವರು ಇಲ್ಲಿ ದುಡಿದರು. ವಿಜ್ಞಾನ ಮಂದಿರದ ಲೋಹಶಾಸ್ತ್ರ ವಿಭಾಗದ ಕಟ್ಟಡ, ವಿಮಾನಶಾಸ್ತ್ರ ವಿಭಾಗದ ಪ್ರಯೋಗಾಲಯ, ವಿದ್ಯಾರ್ಥಿಗಳ ಭೋಜನಶಾಲೆ ಇವು ಅವರ ಕೈಯವು. ಟಾಟಾ ಕಂಪನಿಗಾಗಿ ಜಮ್ಷೆಡ್‌ಪುರದ ನಕ್ಷೆಯನ್ನೂ ಆ ಕಾಲದಲ್ಲಿಯೇ ಹಾಕಿಕೊಟ್ಟರು. ನಮ್ಮ ಕೊಡಗು ಆಗ ಚೀಫ್ ಕಮಿಷನರರ ಆಡಳಿತಕ್ಕೊಳಪಟ್ಟ ಬೇರೆ ಪ್ರಾಂತವಾಗಿದ್ದುದರಿಂದ ಮೈಸೂರು ಸಂಸ್ಥಾನದ ಅಧಿಕಾರಿಯ ಮಾತು ಇಲ್ಲಿ ನಡೆಯುವಂತಿರಲಿಲ್ಲ.

ಸ್ವಾತಂತ್ರ್ಯ ಬಂತು, ಜೊತೆಗೆ ದೇಶವಿಭಜನೆಯ ದುರಂತವೂ ಬಂತು. ಲಕ್ಷಾಂತರ ನಿರಾಶ್ರಿತರಿಗೆ ಮನೆ ಬೇಕಾಗಿತ್ತು. ೧೯೪೮ರಲ್ಲಿ ಭಾರತ ಸರಕಾರವು ವಸತಿ ನಿರ್ದೇಶಕರನ್ನಾಗಿ ಆರಿಸಿದ್ದು ಸ್ವತಃ ನಿರಾಶ್ರಿತರಾಗಿ ಬಂದ ಈ ಮನುಷ್ಯನನ್ನು. ಒರಿಸ್ಸದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಅವರದು. ಫರೀದಾಬಾದ್, ಗಾಂಧೀಧಾಮ ಮೊದಲಾದ ಹೊಸ ಊರುಗಳ ಯೋಜನೆಯಲ್ಲಿಯೂ ಅವರ ಪಾಲಿದೆ. ಆದರೆ ನಾನು ಹೇಳಬೇಕೆಂದಿರುವುದು ಅವರ ಸೋಲಿನ ಸಂಗತಿ. ಮನೆಗಳನ್ನು ಕಾರ್ಖಾನೆಯಲ್ಲಿ ತುಂಡುತುಂಡಾಗಿ ಎರಕಹೊಯ್ದು ತಂದು ಜೋಡಿಸಿದರೆ ಬೇಗನೆ ಅಗ್ಗವಾಗಿ ಸಾವಿರಾರು ಮನೆಗಳಾಗುವುವೆಂದು ಎಲ್ಲರಂತೆ ಅವರೂ ನಂಬಿದರು. ದೆಹಲಿಯ ಜಂಗ್‌ಪುರದಲ್ಲಿ ಕಾರ್ಖಾನೆ ಎದ್ದಿತು. ಕಾಂಕ್ರೀಟು ಹಲಗೆಗಳು ಬಿರುಕುಬಿಟ್ಟವು. ಮನೆಗಳು ಬರಲಿಲ್ಲ, ಟೀಕೆ ಬಂದಿತು. ೧೯೫೧ರಲ್ಲಿ ಅವರು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ಹೋದರು. ಅದೇ ವರ್ಷ ನಮ್ಮ ದೇಶದಲ್ಲಿ, ತೋಟದ ಕೂಲಿಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುವ ಕಾಯಿದೆ ಬಂದಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಸೋತವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ತಪ್ಪು ಬೇರೆಯವರದೆನ್ನುವುದು, ಇನ್ನೊಂದು, ಸುಮ್ಮನಾಗುವುದು. ಕೋನಿಗ್ಸ್‌ಬರ್ಗರರು ಎರಡನ್ನೂ ಹಿಡಿಯದೆ ಮನೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡತೊಡಗಿದರು. ೧೯೫೪ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಚಾರ್ಲ್ಸ್ ಏಬ್ರಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್ಸ್ಕಿ ಅವರೊಡನೆ ಗೋಲ್ಡ್ ಕೋಸ್ಟಿಗೆ, ಎಂದರೆ ಮುಂದೆ ಘಾನಾ ಎನಿಸಿದ ನಾಡಿಗೆ, ಹೋದರು. ಅಲ್ಲಿಯ ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಸೊಗಸಾಗಿ ಎಬ್ಬಿಸುತ್ತಿದ್ದರು. ಅವರಿಗೆ ಆಗದಿದ್ದುದು ಮಾಡು. ಗೋಡೆಗೆ ಊರಿನ ಮಣ್ಣು ಸಾಕು, ಮಾಡಿಗೆ ಪೇಟೆಯ ರೊಕ್ಕ ಬೇಕು. ಒಳ್ಳೆಯ ಮಾಡಿಲ್ಲದ ಗೋಡೆಯನ್ನು ಮಳೆ ತಿಂದುಹಾಕುತ್ತದೆ. ಆದ್ದರಿಂದ ಸರಕಾರ ಮನೆ ಕಟ್ಟಿಕೊಡುವುದು ಬೇಡ, ಹಳ್ಳಿಗರು ಸಂಘ ಮಾಡಿಕೊಂಡು ಗೋಡೆ ಎಬ್ಬಿಸಲಿ, ಮಾಡಿಗೂ ಬಾಗಿಲು ಕಿಟಕಿಗಳಿಗೂ ಸಾಲ ಕೊಡೋಣವೆಂದು ಈ ಮೂವರು ಸಲಹೆ ಮಾಡಿದರು. ‘ಮಾಡಿನ ಸಾಲ’ವೆಂದು ಅದು ಹೆಸರಾಯಿತು.

೧೯೫೭ರಲ್ಲಿ ಅವರು ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರಾದರು. ೧೯೬೩ರಲ್ಲಿ ಸಿಂಗಪುರಕ್ಕೆ ಹೋದಾಗ, ಹಳೆಯ ಬಡಾವಣೆಗಳೆಲ್ಲವನ್ನೂ ಕೆಡವತಕ್ಕದ್ದಲ್ಲ. ಉಳಿಸಬೇಕಾದುದನ್ನು ಉಳಿಸಿ, ದುರಸ್ತಿಗೆ ತಕ್ಕುದನ್ನು ದುರಸ್ತಿ ಮಾಡಿ, ಉಳಿದುದನ್ನು ಮಾತ್ರ ಕೆಡವಬೇಕೆಂದು ಅವರೂ ಸಂಗಡಿಗರೂ ವರದಿ ಕೊಟ್ಟರು. ಸಿಂಗಪುರದವರು ಹೆಚ್ಚಾಗಿ ಕೆಡವಿದರು, ಆ ಮಾತು ಬೇರೆ. ೧೯೬೫ರಲ್ಲಿ ರಾಬರ್ಟ್ ಲಿನ್ ಎಂಬವರೊಡನೆ, ಬಿಸಿಲೂ ಮಳೆಯೂ ಹೆಚ್ಚಾಗಿರುವ ನಾಡುಗಳ ಮಾಡುಗಳ ವಿಚಾರವಾಗಿಯೇ ಒಂದು ಚಿಕ್ಕ ಪುಸ್ತಕ ಬರೆದರು. ೧೯೭೪ರ ಸುಮಾರಿಗೆ ಇತರ ಮೂವರೊಡನೆ ಬರೆದ ಉಷ್ಣವಲಯದ ವಸತಿಯ ಕೈಪಿಡಿ ನಮ್ಮ ದೇಶದ ಎಂಜಿನಿಯರಿಂಗ್ ಶಾಲೆಗಳಲ್ಲಿ ಇಂದಿಗೂ ಓದಿನಲ್ಲಿದೆ.

ಬಿ.ಎ. ವಿದ್ಯಾರ್ಥಿಗೆ ಅದರ ಗಣಿತವೆಲ್ಲ ಎಟಕುವುದಿಲ್ಲ, ಎಟಕಿದಷ್ಟನ್ನು ಹೇಳುತ್ತೇನೆ. ನಮ್ಮಂತಹ ಸೀಮೆಯಲ್ಲಿ ಸೂರ್ಯನು ನೆತ್ತಿಯ ಮೇಲೆ ಸಾಗುವುದರಿಂದ ಮನೆಗೆ ಬೀಳುವ ಶಾಖದಲ್ಲಿ ಬಹುಪಾಲು ಮಾಡಿನ ಮೇಲೆ ಬೀಳುತ್ತದೆ. ಕಾದ ತಗಡು ಕೆಳಗಿರುವವರ ಮೇಲೆ ಒಲೆಯಂತೆ ಶಾಖವನ್ನು ಸೂಸುತ್ತದೆ; ಫ್ಯಾನು ಹಾಕಿದರೂ ನೆತ್ತಿ ಸುಡುವುದು ಇದರಿಂದಲೇ. ಕೊಡಗು ತಂಪು ನಾಡೆಂಬ ಖ್ಯಾತಿಯಿಂದ ಏಪ್ರಿಲ್ ಮಧ್ಯಾಹ್ನ ಲೈನಿನಲ್ಲಿ ಕುಳಿತವರಿಗೆ ಪ್ರಯೋಜನವಿಲ್ಲ. ಆದರೆ ತಗಡಿಗೂ ಒಂದು ಗುಣವಿದೆ: ತೆಳುವಾಗಿರುವುದರಿಂದ ಸಂಜೆಯಾದೊಡನೆ ಆರುತ್ತದೆ. ಕಾಂಕ್ರೀಟಿನ ತಾರಸಿ ಹಗಲೆಲ್ಲ ಶಾಖವನ್ನು ಕುಡಿದು ರಾತ್ರಿ ಮಲಗಿದವರ ಮೇಲೆ ಬಿಡುತ್ತದೆ. ನಾನು ಬಹುಮಾನ ಗೆದ್ದದ್ದು ಈ ತಾರಸಿಯನ್ನು ಹೊಗಳಿ! ತಗಡಿಗೆ ಬೇಕಾದ ಚಿಕಿತ್ಸೆ ಕೆಡವುವುದಲ್ಲ. ಮೇಲೆ ಬಿಳಿಯ ಬಣ್ಣ, ಕೆಳಗೆ ಒಂದು ಒಳಮಾಡು, ಎರಡರ ನಡುವೆ ಗಾಳಿಯಾಡುವ ತೆರಪು, ಹಿಂಗೋಡೆಯಲ್ಲಿ ಮುಂದಿನದಕ್ಕೆ ಎದುರಾಗಿ ಒಂದು ಕಿಟಕಿ, ಚಾಚಿದ ಇಳಿಮಾಡು. ಆಸ್‌ಬೆಸ್ಟಾಸ್ ಶೀಟಿನ ಮಾಡಾದರೆ ಅದನ್ನು ಉಜ್ಜುವುದಾಗಲಿ ಕೊರೆಯುವುದಾಗಲಿ ಕೂಡದು, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಕಾರ್ಲ್ ಮಹೋನಿಯವರೊಂದಿಗೆ ಕೂಡಿ ಸಿದ್ಧಪಡಿಸಿದ ಕೆಲವು ಕೋಷ್ಟಕಗಳೂ ಪ್ರಸಿದ್ಧವಾಗಿವೆ. ಒಂದು ಊರಿನ ತಿಂಗಳುವಾರು ಉಷ್ಣತೆ, ತೇವ, ಮಳೆಗಳನ್ನು ತುಂಬಿದರೆ ಅಲ್ಲಿಯ ಮನೆಗೆ ಏನೇನು ಬೇಕೆಂದು ಅವೇ ತಿಳಿಸುತ್ತವೆ. ತಿಂಗಳಿಗೆ ೨೦೦ ಮಿಲಿಮೀಟರಿಗಿಂತ ಹೆಚ್ಚು ಮಳೆಯಾದರೆ ಮಳೆಯಿಂದ ವಿಶೇಷ ರಕ್ಷಣೆ ಬೇಕೆಂದು ಅದರ ಲೆಕ್ಕ. ವರ್ಷಕ್ಕೆ ೩೦೦೦ ಮಿಲಿಮೀಟರನ್ನು ಮೀರುವ ಮಡಿಕೇರಿಯವರಿಗೆ ಇದನ್ನು ಓದಿ ನಗು ಬಂದೀತು.

ಇಷ್ಟಾದರೂ ಒಂದು ಮಾತಿನಲ್ಲಿ ಈ ಹಿರಿಯರನ್ನು ನಾನು ಒಪ್ಪಲಾರೆ. ಮಾಡಿನ ಸಾಲ ಘಾನಾದಲ್ಲಿ ಸಲ್ಲುತ್ತದೆ, ಏಕೆಂದರೆ ಗೋಡೆ ಹಳ್ಳಿಗನದೇ. ಲೈನಿನ ಗೋಡೆ ನಮ್ಮದಲ್ಲ, ನೆಲ ನಮ್ಮದಲ್ಲ. ಕೆಲಸ ಬಿಟ್ಟ ದಿನ ಬಾಗಿಲ ಬೀಗವೂ ನಮ್ಮದಲ್ಲ. ಪರರ ಮಾಡಿಗಾಗಿ ಯಾವ ಕೂಲಿಗಾರ ಸಾಲ ಹೊತ್ತಾನು? ೧೯೫೧ರ ಕಾಯಿದೆ ಹೊರಿಸಿದ ಹೊಣೆಯನ್ನು ೨೦೨೦ರ ಕಾರ್ಮಿಕ ಸಂಹಿತೆಯೂ ಉಳಿಸಿಕೊಂಡಿದೆ. ಚಿಕ್ಕ ತೋಟಗಳಿಗೆ ಮಾತ್ರ ಅದು ತಟ್ಟುವುದಿಲ್ಲ. ದುರಸ್ತಿಯೆಂಬುದು ಒಂದೇ ಕೋಣೆಯಲ್ಲಿ ಐದು ಜನರನ್ನು ಇನ್ನೂ ಐವತ್ತು ವರ್ಷ ಇರಿಸುವ ನೆಪವಾಗಬಾರದೆಂದು ಚರ್ಚಾಕೂಟದಲ್ಲಿ ನನ್ನ ಎದುರು ಪಕ್ಷದವರಿಗೆ ಈಗಲೂ ಹೇಳುತ್ತೇನೆ. ಆದರೆ ಕೆಡವುವ ಮೊದಲು ಒಂದೊಂದು ಮನೆಯನ್ನೂ ನೋಡಬೇಕು, ಅದರೊಳಗಿನವರನ್ನು ಕೇಳಬೇಕು ಎಂಬುದನ್ನು ಕಲಿಸಿದವರು ಕೋನಿಗ್ಸ್‌ಬರ್ಗರರೇ. ನನ್ನ ತಾಯಿಯವರನ್ನೂ ಇಲ್ಲಿ ಸೇರಿಸಬೇಕು.

ಅವರ ವಿಭಾಗವು ೧೯೭೧ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಏಷ್ಯಾ, ಆಫ್ರಿಕಗಳ ಎಷ್ಟೋ ತರುಣರು ಅಲ್ಲಿ ಕಲಿತು ಹಿಂದಿರುಗಿದರು. ೧೯೯೯ರ ಜನವರಿಯಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ, ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಈ ಬೇಸಿಗೆಯಲ್ಲಿ ನಾನೂ ತಂದೆಯವರೂ ಕೂಡಿ ನಮ್ಮ ಭಾಗದ ತಗಡಿಗೆ ಸುಣ್ಣ ಬಳಿದು, ಒಳಗೆ ಬಿದಿರಿನ ಚಾಪೆಯ ಒಳಮಾಡನ್ನು ಕಟ್ಟಿದ್ದೇವೆ. ಹಿಂಗೋಡೆಗೆ ಕಿಟಕಿ ಇಡಲು ತೋಟದವರ ಅಪ್ಪಣೆ ಕೇಳಿದ್ದೇವೆ, ಇನ್ನೂ ಬಂದಿಲ್ಲ. ಮಧ್ಯಾಹ್ನ ಮನೆಯೊಳಗೆ ಕುಳಿತುಕೊಳ್ಳಬಹುದೆಂದು ತಾಯಿಯವರು ಹೇಳುತ್ತಾರೆ. ಸುಣ್ಣ ಮೊದಲ ಮಳೆಗೇ ತೊಳೆದುಹೋದೀತೆಂದು ಪಕ್ಕದ ಮನೆಯವರು ಹೇಳುತ್ತಾರೆ. ಜೂನ್ ತಿಂಗಳಲ್ಲಿ ತಿಳಿಯುತ್ತದೆ.