ದೇಹದ ಕಾವಲುಗಾರರನ್ನು ಕಂಡ ಮೆಚ್ನಿಕಾಫ್

ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ದುಡಿಯುವವರಿಗೆ ಮುಳ್ಳು ಹೊಸದಲ್ಲ. ಕಿತ್ತಳೆ ಗಿಡದ ಮುಳ್ಳು ಬೆರಳಿಗೆ ಚುಚ್ಚಿ ಒಳಗೇ ಮುರಿದರೆ ಆ ಜಾಗ ಕೆಂಪಗಾಗಿ ಊದಿಕೊಂಡು ಕೀವು ತುಂಬುತ್ತದೆ. ಇದನ್ನು ಕಾಣದವರಿಲ್ಲ. ಆದರೆ ಆ ಬಾವಿನೊಳಗೆ ದೇಹದ ರಕ್ಷಣೆಗಾಗಿ ಒಂದು ಕಾಳಗವೇ ನಡೆಯುತ್ತಿರುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫ್ 1845ರಲ್ಲಿ, ಈಗಿನ ಉಕ್ರೇನ್ ದೇಶದ ಖಾರ್ಕೀವ್ ನಗರದ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದರು. ನಾಲ್ಕು ವರ್ಷಗಳ ವಿಶ್ವವಿದ್ಯಾನಿಲಯದ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಮೇಧಾವಿ ಅವರು. 1869ರಲ್ಲಿ ಲುಡ್ಮಿಲಾ ಎಂಬುವರನ್ನು ವಿವಾಹವಾದರು. ಕ್ಷಯರೋಗದಿಂದ ಬಳಲುತ್ತಿದ್ದ ವಧುವನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಮೆಚ್ನಿಕಾಫ್ ನಾಲ್ಕು ವರ್ಷ ಆಕೆಯ ಶುಶ್ರೂಷೆ ಮಾಡಿದರು. ಆದರೂ 1873ರಲ್ಲಿ ಆಕೆ ತೀರಿಕೊಂಡರು. ಪ್ರೀತಿಪಾತ್ರರ ನರಳಾಟವನ್ನು ಹತ್ತಿರದಿಂದ ಕಂಡ ಅವರು ಬದುಕಿನಲ್ಲಿ ಆಸೆಯನ್ನೇ ಕಳೆದುಕೊಂಡರು. ವಿಜ್ಞಾನದ ಹಂಬಲವು ಕ್ರಮೇಣ ಅವರನ್ನು ಮತ್ತೆ ಬದುಕಿನತ್ತ ತಿರುಗಿಸಿತು.

1882ರಲ್ಲಿ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿ ನೆಲೆಸಿದ್ದರು. ನಕ್ಷತ್ರಮೀನಿನ ಮರಿಯ ದೇಹವು ಗಾಜಿನಂತೆ ಪಾರದರ್ಶಕವಾದುದು. ಅವರು ಕೈತೋಟದ ಗುಲಾಬಿ ಮುಳ್ಳುಗಳನ್ನು ಅದರ ದೇಹಕ್ಕೆ ಚುಚ್ಚಿದರು. ಕುತೂಹಲದಿಂದ ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಲಿಸುವ ಜೀವಕೋಶಗಳು ಮುಳ್ಳುಗಳನ್ನು ಮುತ್ತಿಕೊಂಡಿದ್ದವು! ನಮ್ಮ ರಕ್ತದ ಬಿಳಿಯ ಕಣಗಳೂ ರೋಗಾಣುಗಳನ್ನು ಹೀಗೆಯೇ ಮುತ್ತಿ ನುಂಗುತ್ತವೆ ಎಂದು ಅವರು ಸಾಧಿಸಿದರು. ಈ ಭಕ್ಷಕ ಕಣಗಳ ಸಂಶೋಧನೆಯನ್ನು 1888ರಿಂದ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಮುಂದುವರಿಸಿದರು. 1908ರಲ್ಲಿ ಪಾಲ್ ಎರ್ಲಿಖ್ ಅವರೊಂದಿಗೆ ನೊಬೆಲ್ ಪಾರಿತೋಷಕ ಪಡೆದರು.

ಅವರ ಬಳಿ ಕೆಲಸ ಮಾಡುತ್ತಿದ್ದ ರುಮೇನಿಯ ದೇಶದ ಕಾಂತಾಕುಜಿನೊ 1898ರಲ್ಲಿ ಹೊಸದೊಂದು ಸಂಗತಿಯನ್ನು ಪ್ರಕಟಿಸಿದರು. ಗಿನಿಯಿಲಿಗಳಿಗೆ ಅಫೀಮು ಕೊಟ್ಟಾಗ ಅವುಗಳ ಬಿಳಿಯ ಕಣಗಳು ಮಂಕಾಗಿ, ರೋಗಾಣುಗಳ ಕೈ ಮೇಲಾಗುತ್ತಿತ್ತು. ನೋವನ್ನು ಮರೆಸುವ ವಸ್ತುವು ಕಾವಲುಗಾರರನ್ನೂ ತೂಕಡಿಸುವಂತೆ ಮಾಡಿತ್ತು.

ಅಫೀಮಿನಿಂದ ತೆಗೆಯುವ ಮಾರ್ಫೀನ್ ಇಂದು ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಮುಖ್ಯ ಔಷಧ. ಬಿಳಿಯ ಕಣಗಳಲ್ಲಿ ಕೆಲವು ಕ್ಯಾನ್ಸರ್ ಕೋಶಗಳನ್ನೂ ನಾಶಮಾಡುತ್ತವೆ. ಆದುದರಿಂದ ಆ ಹಳೆಯ ಪ್ರಯೋಗದ ಪ್ರಶ್ನೆಯು, ಮಲೆನಾಡಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ರೋಗಿಗೂ ಸಂಬಂಧಿಸಿದುದೇ ಆಗಿದೆ. ಹಾಗಾದರೆ ಆ ಔಷಧವನ್ನು ತ್ಯಜಿಸಬೇಕೆ? ಹಾಗಲ್ಲ. ಅಡಗದ ನೋವು ನಿದ್ರಾಹಾರಗಳನ್ನು ಕೆಡಿಸುತ್ತದೆ. ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಪ್ರಾಣಿಗಳಲ್ಲಿ ಕಂಡುದೆಲ್ಲವೂ ಮನುಷ್ಯರಲ್ಲಿ ಹಾಗೆಯೇ ನಡೆಯಬೇಕೆಂದೂ ಇಲ್ಲ. ಈ ಬಗೆಯ ಔಷಧಗಳೆಲ್ಲವೂ ಒಂದೇ ಪರಿಣಾಮವನ್ನು ಬೀರುವುದಿಲ್ಲ. ತಕ್ಕ ಔಷಧವನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟು, ರೋಗಿಯನ್ನು ಎಚ್ಚರದಿಂದ ಗಮನಿಸುವುದು ವೈದ್ಯರ ಕರ್ತವ್ಯ. ನೋವಿನಿಂದ ಬಿಡುಗಡೆ ಪಡೆಯುವುದು ರೋಗಿಯ ಹಕ್ಕು.

ಮೆಚ್ನಿಕಾಫ್ 1916ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು. ಒಂದು ಕಾಲದಲ್ಲಿ ಬದುಕೇ ಬೇಡವೆನಿಸಿದ್ದ ಅವರು ಬದುಕನ್ನು ಕಾಯುವ ಕಣಗಳನ್ನು ಲೋಕಕ್ಕೆ ಪರಿಚಯಿಸಿ ಹೋದರು. ನೋವನ್ನು ತಣಿಸುವ ಕರುಣೆ, ಸತ್ಯವನ್ನು ಹುಡುಕುವ ಎಚ್ಚರ ಇವೆರಡೂ ಜೊತೆಗೂಡಿದಾಗಲೇ ವೈದ್ಯವಿಜ್ಞಾನವು ಸಾರ್ಥಕವಾಗುತ್ತದೆ.