ಬೆಲ್ ಪ್ರೇಯಸಿಯ ಹೆಸರು ‘ಹಲೋ’ ಅಲ್ಲ: ಅವರ ನಿಜವಾದ ಗುರುತು ನಿಮ್ಮ ರೌಟರ್ ಹಿಂದಿದೆ!

ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಪ್ರೇಯಸಿಯ ಹೆಸರು ಮಾರ್ಗರೆಟ್ ಹಲೋ, ಅದಕ್ಕೇ ನಾವು ಫೋನ್ ಎತ್ತಿ ‘ಹಲೋ’ ಎನ್ನುತ್ತೇವೆ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಹಲೋ ಎಂಬ ಪದ ಟೆಲಿಫೋನ್‌ಗಿಂತ ಹಳೆಯದು. ಅದನ್ನು ಫೋನ್‌ಗೆ ಸೂಚಿಸಿದವರು ಥಾಮಸ್ ಎಡಿಸನ್. ಬೆಲ್ ಅವರಿಗೆ ಇಷ್ಟವಾಗಿದ್ದು ‘ಅಹೋಯ್’.

ಹಾಗಾದರೆ ನಿಜ ಏನು?

ಬೆಲ್ ಹುಟ್ಟಿದ್ದು 1847ರಲ್ಲಿ, ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇಬ್ಬರು ಸಹೋದರರು ಕ್ಷಯದಿಂದ ತೀರಿಕೊಂಡ ಮೇಲೆ, 1870ರಲ್ಲಿ ಕುಟುಂಬ ಕೆನಡಾಗೆ ಹೋಯಿತು. ಮುಂದೆ ಅಮೆರಿಕದ ಬಾಸ್ಟನ್‌ನಲ್ಲಿ ಬೆಲ್ ಕಿವುಡ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿ ಶಿಷ್ಯೆಯಾಗಿದ್ದ ಮೇಬಲ್ ಹಬರ್ಡ್ ಅವರನ್ನು 1877ರಲ್ಲಿ ಮದುವೆಯಾದರು. ಬಾಲ್ಯದ ಜ್ವರದಲ್ಲಿ ಮೇಬಲ್ ಶ್ರವಣಶಕ್ತಿ ಕಳೆದುಕೊಂಡಿದ್ದರು. 1876ರಲ್ಲಿ ಪೇಟೆಂಟ್ ಪಡೆದ ಗಂಡನ ಟೆಲಿಫೋನ್‌ನಲ್ಲಿ ಅವರಿಗೆ ಏನೂ ಕೇಳುತ್ತಿರಲಿಲ್ಲ!

ಆಗಿನ ಫೋನ್ ಲೈನ್‌ನಲ್ಲಿ ಒಂದೇ ತಂತಿ ಇರುತ್ತಿತ್ತು. ವಿದ್ಯುತ್ ನೆಲದ ಮೂಲಕ ವಾಪಸ್ ಬರುತ್ತಿತ್ತು. ಪಕ್ಕದ ತಂತಿಗಳ ಗದ್ದಲವೆಲ್ಲ ಮಾತಿನೊಳಗೆ ನುಗ್ಗುತ್ತಿತ್ತು. ಇದಕ್ಕೆ ಬೆಲ್ ಕಂಡುಕೊಂಡ ಪರಿಹಾರ, ಎರಡು ತಂತಿಗಳನ್ನು ಹಗ್ಗದಂತೆ ಹೊಸೆಯುವುದು. 1881ರಲ್ಲಿ ಇದಕ್ಕೂ ಪೇಟೆಂಟ್ ಸಿಕ್ಕಿತು.

ಇದು ಹೇಗೆ ಕೆಲಸ ಮಾಡುತ್ತದೆ? ಹೊಸೆದ ಎರಡೂ ತಂತಿಗಳ ಮೇಲೆ ಹೊರಗಿನ ಗದ್ದಲ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ. ಆ ತುದಿಯ ಸಾಧನ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಸಮನಾದ ಗದ್ದಲ ಕಳೆದುಹೋಗಿ, ಸಂಕೇತ ಉಳಿಯುತ್ತದೆ.

ನಿಮ್ಮ ರೌಟರ್ ಹಿಂದೆ ಚೌಕಾಕಾರದ ಲ್ಯಾನ್ ಪೋರ್ಟ್ ಇರುತ್ತದೆ. ಅದಕ್ಕೆ ಹಾಕುವ ಕೇಬಲ್ ಒಳಗಿರುವುದು ಎಂಟು ತಂತಿ, ಅಂದರೆ ನಾಲ್ಕು ಹೊಸೆದ ಜೋಡಿ. ಪ್ಲಗ್ ಕೂರಿಸುವಾಗ ಜೋಡಿಗಳನ್ನು ಬೇಕಾಬಿಟ್ಟಿ ಬಿಚ್ಚಿದರೆ ಗದ್ದಲ ಮತ್ತೆ ನುಗ್ಗಿ ವೇಗ ಕುಸಿಯಬಹುದು.

ಮನೆಗೆ ಬರುವ ಫೈಬರ್‌ಗೂ ಬೆಲ್ ಅವರ ಕನಸಿಗೂ ನಂಟಿದೆ. 1880ರಲ್ಲಿ ಅವರು ಸಹಾಯಕ ಟೇಂಟರ್ ಜೊತೆ ‘ಫೋಟೋಫೋನ್’ ಮಾಡಿ, ಬಿಸಿಲಿನ ಕಿರಣದ ಮೇಲೆ ಮಾತು ಕಳುಹಿಸಿದರು. ತಮ್ಮ ಅತಿ ದೊಡ್ಡ ಆವಿಷ್ಕಾರ ಇದೇ ಎಂದು ಅವರು ನಂಬಿದ್ದರು. ಆದರೆ ಮೋಡ, ಮಂಜು ಬಂದರೆ ಮಾತು ನಿಲ್ಲುತ್ತಿತ್ತು. ಬೆಳಕನ್ನು ಗಾಜಿನ ಎಳೆಯೊಳಗೆ ಸಾಗಿಸುವ ತಂತ್ರ ಪಳಗಲು ಸುಮಾರು ನೂರು ವರ್ಷ ಬೇಕಾಯಿತು.

1922ರ ಆಗಸ್ಟ್ 2ರಂದು ಕೆನಡಾದಲ್ಲಿ ಬೆಲ್ ತೀರಿಕೊಂಡರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ಫೋನ್‌ಗಳು ಒಂದು ನಿಮಿಷ ಮೌನವಾದವು.

‘ಹಲೋ’ ಸಂದೇಶ ಮತ್ತೆ ಬಂದರೆ, ಮುಂದೆ ಕಳುಹಿಸಬೇಡಿ. ಕಳುಹಿಸಿದವರಿಗೆ ಮೇಬಲ್ ಅವರ ಹೆಸರು ತಿಳಿಸಿ.